ಆಕ್ಟಿವಿಟಿ ಡೈರೆಕ್ಟರ್ ಅರ್ಹತೆ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಆಕ್ಟಿವಿಟಿ ಡೈರೆಕ್ಟರ್ (ನಿವಾಸಿಗಳ ಚಟುವಟಿಕೆ ಕಾರ್ಯಕ್ರಮಗಳ ಮುಖ್ಯಸ್ಥರು) ಹುದ್ದೆಗೆ ಅರ್ಜಿ ಹಾಕಲಿರುವವರು, ತರಬೇತಿ ಕೋರ್ಸಿಗೆ ಹಣ ಕಟ್ಟುವ ಮೊದಲು ದಯವಿಟ್ಟು ಫೆಡರಲ್ ನಿಯಮವನ್ನು ಓದಿಕೊಳ್ಳಿ. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮಾ ಯೋಜನೆಗಳ ಹಣ ಪಡೆಯುವ ಸಂಸ್ಥೆಗಳಿಗೆ ಅನ್ವಯಿಸುವ ಆ ನಿಯಮದಂತೆ, ರಾಜ್ಯವು ಅನುಮೋದಿಸಿದ ತರಬೇತಿ ಮುಗಿಸಿದವರಲ್ಲದೆ, ಕಳೆದ 5 ವರ್ಷಗಳಲ್ಲಿ 2 ವರ್ಷ ಸಾಮಾಜಿಕ ಅಥವಾ ಮನರಂಜನಾ ಕಾರ್ಯಕ್ರಮಗಳಲ್ಲಿ ದುಡಿದು, ಅದರಲ್ಲಿ 1 ವರ್ಷ ಚಿಕಿತ್ಸಕ ಚಟುವಟಿಕೆಗಳ ವಿಭಾಗದಲ್ಲಿ ಪೂರ್ಣಾವಧಿ ಕೆಲಸ ಮಾಡಿದವರೂ, ಆಕ್ಯುಪೇಷನಲ್ ಥೆರಪಿಸ್ಟ್‌ಗಳೂ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಅರ್ಹರು. ಚಟುವಟಿಕೆ ವೃತ್ತಿಪರರಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಸಿಸಿಎಪಿ ನೀಡುವ ಪ್ರಮಾಣಪತ್ರ ಇನ್ನೊಂದು ದಾರಿ.

ತರಬೇತಿಯಲ್ಲಿ ಮರೆವಿನ ಕಾಯಿಲೆಯವರೊಡನೆ ಪ್ರಾಯೋಗಿಕ ಅವಧಿ ಇದೆಯೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಎಲ್ಲರನ್ನೂ ಬಿಂಗೊ ಮೇಜಿಗೆ ಕೂರಿಸುವುದು ಸುಲಭ. ಕಿವಿ ಮಂದವಾಗಿ ಕೋಣೆಯಲ್ಲೇ ಉಳಿದ ಅಜ್ಜಿಗೆ ಹೆಣಿಗೆಯ ಅಭ್ಯಾಸವಿತ್ತೆಂದು ಕೇಳಿ ತಿಳಿದು, ಅದನ್ನು ಆರೈಕೆ ಯೋಜನೆಯಲ್ಲಿ ಬರೆದು, ಉಣ್ಣೆಯ ಉಂಡೆಯನ್ನು ಹಾಸಿಗೆಯ ಬಳಿಗೇ ತಲುಪಿಸಲು ಕಲಿಕೆ ಬೇಕು. ಅನುಭವದ ಆಧಾರದ ಮೇಲೆ ಅರ್ಜಿ ಹಾಕುವವರು ಅನುಭವದ ಪತ್ರವನ್ನು ಕೆಲಸ ಬಿಡುವ ಮೊದಲೇ ಪಡೆದಿಟ್ಟುಕೊಳ್ಳಿ.