14 ಮತ್ತು 35: ಅವ್ವನಿಗೊಂದು ಕಾಗದ

ಎಡಿನ್‌ಬರೊ,
ಜನವರಿ 18

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ತಂಗಿಯ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 14 ಎಂದು ಬಂದದ್ದನ್ನೂ ನನ್ನದು 35 ಇರುವುದನ್ನೂ ಪಕ್ಕಪಕ್ಕ ಇಟ್ಟು, ಬಿಸಿಲೇ ಕಾಣದ ಊರಿನಲ್ಲಿರುವವಳಿಗಿಂತ ಮಡಿಕೇರಿಯಲ್ಲಿರುವವಳಿಗೇ ಕೊರತೆ ಹೆಚ್ಚಾಯಿತಲ್ಲ ಎಂದು ನೀವು ಫೋನಿನಲ್ಲಿ ನೊಂದುಕೊಂಡಿರಿ. ಅವೆರಡೂ ಒಂದೇ, ಅವ್ವ. ನಮ್ಮಲ್ಲಿ ಅದನ್ನು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಬರೆಯುತ್ತಾರೆ, ಇಲ್ಲಿ ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದು. ನಮ್ಮ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಇಲ್ಲಿಯದು ಸಿಗುತ್ತದೆ. ಕೊರತೆ ಇಬ್ಬರಿಗೂ ಇದೆ, ಆದರೆ ಮುಟ್ಟು ನನಗೆ ತಿಂಗಳಿಗೆ ಸರಿಯಾಗಿ ಬರುತ್ತದೆ, ಅವಳಿಗೆ ಮೂರು ತಿಂಗಳಾದರೂ ಇಲ್ಲ. ಇಬ್ಬರು ಅಕ್ಕತಂಗಿಯರನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು ನಿಜ. ಆದರೂ ಡಾಕ್ಟರು ಕೊಟ್ಟ ವಿಟಮಿನ್ ಡಿ ಪುಡಿಯ ಸ್ಯಾಷೆ ಮುಗಿಯುವಷ್ಟರಲ್ಲಿ ಮುಟ್ಟು ತಾನಾಗಿ ಸರಿಹೋಗುತ್ತದೆ ಎಂಬ ಚಿಕ್ಕಮ್ಮನ ಮಾತನ್ನು ನಂಬಿ ಕೂರಬೇಡಿ ಎಂದು ಹೇಳಲಿಕ್ಕೇ ಈ ಕಾಗದ.

ಚಿಕ್ಕಮ್ಮನ ಮಾತು ಪೂರ್ತಿ ಬುಡವಿಲ್ಲದ್ದೂ ಅಲ್ಲ. ಹೆಸರು ವಿಟಮಿನ್ ಎಂದಿದ್ದರೂ ಇದರ ನಡವಳಿಕೆ ಹಾರ್ಮೋನಿನದು: ಬಿಸಿಲು ತಾಗಿದ ಚರ್ಮದಲ್ಲಿ ಹುಟ್ಟಿ, ಯಕೃತ್ತಿನಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ರೂಪ ಬದಲಿಸಿ, ರಕ್ತದಲ್ಲಿ ಹರಿದು ದೂರದ ಅಂಗಗಳಿಗೆ ಕೆಲಸ ಹೇಳುತ್ತದೆ. ಅದನ್ನು ಗುರುತಿಸಿ ಹಿಡಿದುಕೊಳ್ಳುವ ಗ್ರಾಹಕಗಳು ಅಂಡಾಶಯದಲ್ಲಿಯೂ, ಗರ್ಭಕೋಶದ ಒಳಪದರದಲ್ಲಿಯೂ, ಋತುಚಕ್ರಕ್ಕೆ ಆಜ್ಞೆ ಕೊಡುವ ಪಿಟ್ಯುಟರಿ ಗ್ರಂಥಿಯಲ್ಲಿಯೂ ಇವೆ. ಪಿಸಿಒಡಿ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಾಗಿ ಮುಟ್ಟು ಏರುಪೇರಾಗುವ ತೊಂದರೆ) ಇರುವ ಹುಡುಗಿಯರಲ್ಲಿ ಡಿ ಕಡಿಮೆ ಇರುವುದೂ ಸಾಮಾನ್ಯವೇ. ತೊಡಕಿರುವುದು ಇಲ್ಲಿ: ಈ ವಿಟಮಿನ್ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ತೂಕ ಹೆಚ್ಚಿದವರ ರಕ್ತದಲ್ಲಿ ಅದು ಕಡಿಮೆ ಕಾಣುತ್ತದೆ, ತೂಕ ಹೆಚ್ಚಿದಾಗ ಇನ್ಸುಲಿನ್ ಏರಿ, ಅದರ ಒತ್ತಾಯಕ್ಕೆ ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚಿ, ಮುಟ್ಟು ತಪ್ಪುವುದೂ ಉಂಟು. (ತಂಗಿ ಇದನ್ನು ಓದಿದರೆ ಸಿಟ್ಟಾದಾಳು, ನಾನು ಅವಳ ತೂಕದ ಮಾತು ಆಡುತ್ತಿಲ್ಲ.) ಎರಡು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದರಿಂದಲೇ ಆಯಿತೆನ್ನಲಾಗದು. ಡಿ ಕೊಟ್ಟು ನೋಡಿದ ಪ್ರಯೋಗಗಳ ಫಲಿತಾಂಶವೂ ಒಂದೇ ರೀತಿ ಬಂದಿಲ್ಲ.

ಆದ್ದರಿಂದ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನು) ಪರೀಕ್ಷೆಗಳನ್ನೂ ಹೊಟ್ಟೆಯ ಸ್ಕ್ಯಾನಿಂಗನ್ನೂ ಸ್ತ್ರೀರೋಗತಜ್ಞರಲ್ಲಿ ಕೇಳಿ, ಮುಂದೂಡದೆ ಮಾಡಿಸಿ. ಸ್ಯಾಷೆ ಬಿಡುವುದು ಬೇಡ, ಮೂಳೆಗೆ ಅದು ಬೇಕೇ ಬೇಕು. ಆದರೆ 60,000 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಯೂನಿಟ್) ಇರುವ ಆ ಪೊಟ್ಟಣ ವಾರಕ್ಕೊಂದು, ದಿನಕ್ಕೊಂದಲ್ಲ. ದಿನವೂ ಕುಡಿಯುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಚಳಿಗಾಲದಲ್ಲಿ ತೆಗೆದುಕೊಳ್ಳಿ ಎಂದು ಇಲ್ಲಿಯ ಸರಕಾರ ಹೇಳುವುದು ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ ಬರೀ 400 ಐ.ಯು.

ಇಲ್ಲಿ ಈಗ ಹಗಲೆಂದರೆ ಏಳೆಂಟು ಗಂಟೆ, ಸೂರ್ಯ ಎಷ್ಟು ಕೆಳಗೆ ಸರಿಯುತ್ತಾನೆಂದರೆ ಚರ್ಮ ಡಿ ತಯಾರಿಸುವಷ್ಟು ಕಿರಣ ನೆಲ ಮುಟ್ಟುವುದಿಲ್ಲ. ತಂಗಿಗೆ ಆ ಬಡತನವಿಲ್ಲ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಮನೆಯೊಳಗೇ ಇದ್ದದ್ದು ಸರಿ, ಈಗ ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಕಾಫಿ ತಿರುವಿಹಾಕಲು ಅವಳನ್ನೂ ಕಳುಹಿಸಿ. ಬೆಳಗಿನ ಎಳೆಬಿಸಿಲೇ ಒಳ್ಳೆಯದೆಂದು ಅಜ್ಜಿ ಹೇಳಿಯಾರು, ಆದರೆ ಅದರಲ್ಲಿ ಆ ಕಿರಣ ತೀರಾ ಕಡಿಮೆ. ನೆರಳು ಆಳಿಗಿಂತ ಗಿಡ್ಡವಾಗುವ ನಡುಹಗಲೇ ಬೇಕು, ಕಿಟಕಿಯ ಗಾಜಿನ ಹಿಂದೆ ಕುಳಿತರೂ ಸಿಗದು.

ಪರೀಕ್ಷೆಯ ಚೀಟಿ ಬಂದ ಕೂಡಲೇ ಫೋಟೋ ತೆಗೆದು ಕಳುಹಿಸಲು ಹೇಳಿ, ಅಂಕಿಯ ಪಕ್ಕದ ಅಳತೆಯೂ ಕಾಣುವ ಹಾಗೆ.

ನಿಮ್ಮ ಮಗಳು