ಮಗಳಿಗೊಂದು ಪತ್ರ: ಗಾಳಿ ಬೆನ್ನಿಗಿರಲಿ

ದಾವಣಗೆರೆ
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅವ್ವನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನನ್ನ ದನಿ ಏರಿದ್ದಕ್ಕೆ ಬೇಸರ ಮಾಡಿಕೋಬೇಡ. "ಹೋಗಬೇಡ ಅನ್ನೋದಾದರೆ ಫೋನ್ ಇಡ್ತೀನಿ" ಅಂದೆಯಲ್ಲ, ಅದಕ್ಕೆ ಉತ್ತರ ಇದು. ಗೆಳತಿಯರ ಜೊತೆ ಕೆರೆಯಿಂದ ಕೆರೆಗೆ ದೋಣಿ ಪ್ರವಾಸ ಹೋಗಬೇಡ ಅನ್ನಲ್ಲ, ಹೋಗು. ಹೊಳೆ ದಂಡೆಯ ಅಂಬಿಗರ ಮನೆಯ ಮೊಮ್ಮಗಳು ನೀನು, ಎಲ್ಲೋ ಕೆನಡಾದಲ್ಲಿ ಹುಟ್ಟು ಹಿಡಿದು ಕೂರುತ್ತೀಯ ಅಂತ ನೆನೆಸಿಕೊಂಡರೆ ನನ್ನ ಎದೆ ಉಬ್ಬುತ್ತದೆ. ಆದರೆ ಯಾವ ಕಡೆಯಿಂದ ಸುತ್ತೋದು ಅಂತ ಟಾಸ್ ಹಾಕಿ ನಿರ್ಧಾರ ಮಾಡ್ತೀವಿ ಅಂದೆ ನೋಡು, ಆ ಒಂದು ಮಾತು ರಾತ್ರಿಯೆಲ್ಲಾ ಕೊರೆಯಿತು.

ನೀನು ಕಳಿಸಿದ, ನೀವು ಹೋಗೋ ಆ ಕಾಡು ಕೆರೆಗಳ ಅಲ್ಗಾಂಕ್ವಿನ್ ಪಾರ್ಕಿನ ನಕಾಶೆಯನ್ನು ನಿಮ್ಮಪ್ಪ ಪಿ.ಬಿ. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದರು. ಊಟದ ಟೇಬಲ್ ಮೇಲೆ ಹರಡಿಕೊಂಡು ನೋಡಿದ್ದೇ ನೋಡಿದ್ದು. ಹೆಸರುಗಳೆಲ್ಲ ಈಗ ನನಗೆ ಬಾಯಿಪಾಠ. ಕೆನೂ ಲೇಕಿನಿಂದ ಹೊರಟು ಜೋ ಲೇಕ್ ತಲುಪಿದ ಮೇಲೆ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಬರ್ನ್ಟ್ ಐಲೆಂಡ್, ಆಟರ್‌ಸ್ಲೈಡ್, ಬಿಗ್ ಟ್ರೌಟ್, ವೈಟ್ ಟ್ರೌಟ್, ಮ್ಯಾಕಿಂಟಾಶ್, ಇಂಕ್, ಟಾಮ್ ಥಾಮ್ಸನ್ ಲೇಕ್ ಅಂತ ಸುತ್ತಿ ಮತ್ತೆ ಜೋ ಲೇಕಿಗೇ ಬರುತ್ತೀರಿ. ಎಡಕ್ಕೆ ಹೋದರೂ ಅವೇ ಕೆರೆಗಳು, ಹಿಂದುಮುಂದು ಅಷ್ಟೆ. ನಿನ್ನ ಗೆಳತಿಯರು ಎಡಕ್ಕೆ ಹೋಗೋಣ ಅಂತಿರೋದು ಯಾಕೆ ಅಂತ ಗೊತ್ತಾಯಿತು. ಇಂಕ್ ಲೇಕಿಗೂ ಟಾಮ್ ಥಾಮ್ಸನ್ ಲೇಕಿಗೂ ನಡುವೆ ದೋಣಿ ಹೊತ್ತು ನಡೆಯೋ ದಾರಿ 2 ಕಿ.ಮೀ. ಮೀರಿದೆ. ಆ ಕಷ್ಟ ಮೊದಲೇ ಮುಗಿದು ಹೋಗಲಿ ಅಂತ ಅವರ ಆಸೆ.

ನಾನು ಹೇಳೋದು ಬಲಕ್ಕೆ. ಹಾಗೆ ಹೋದರೆ ಒಟ್ಟು ಸುತ್ತು ಅಪ್ರದಕ್ಷಿಣೆ ಆಗುತ್ತದೆ. ನಿಮ್ಮಜ್ಜಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಆದರೆ ಗುಡಿ ಸುತ್ತೋ ಲೆಕ್ಕ ನೀರಿಗೆ ನಡೆಯಲ್ಲ ಕಣೇ, ನೀರಿನ ಮೇಲೆ ಗಾಳಿಯದೇ ಲೆಕ್ಕ.

ಆ ಕಡೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಬೆಳಿಗ್ಗೆ ನೀರು ಅಲ್ಲಾಡದೆ ಇದ್ದದ್ದು ಮಧ್ಯಾಹ್ನ ಏರುತ್ತದೆ, ಸಂಜೆಗೆ ಇಳಿಯುತ್ತದೆ. ಬರ್ನ್ಟ್ ಐಲೆಂಡ್ ಲೇಕ್ ಉದ್ದಕ್ಕೆ ಮಲಗಿದೆ ನೋಡು, ಪಶ್ಚಿಮದಿಂದ ಪೂರ್ವಕ್ಕೆ. ಎಡಕ್ಕೆ ಹೊರಟರೆ ಅದು ನಿಮಗೆ ಕೊನೆಗೆ ಸಿಗುತ್ತದೆ, ಅದೂ ಪೂರ್ತಿ ಎದುರುಗಾಳಿಯಲ್ಲಿ. ರಟ್ಟೆ ಸೋತಿರುತ್ತವೆ, ಮಾರನೆ ದಿನ ಆಫೀಸು, ಕಾರು ಬಿಟ್ಟ ಜಾಗ ಹತ್ತಿರ ಬಂತು ಅಂತ ಮನಸ್ಸು ಆಗಲೇ ಮನೆ ಸೇರಿರುತ್ತದೆ. ಬಲಕ್ಕೆ ಹೊರಟರೆ ಅದೇ ಕೆರೆ ಮೊದಲ ದಿನವೇ ಸಿಗುತ್ತದೆ. ಗಾಳಿ ಬೆನ್ನಿಗೆ, ಮೈಯಲ್ಲಿ ಕಸುವು, ಅವಸರ ಇಲ್ಲ. ಆಟರ್‌ಸ್ಲೈಡ್ ಹಳ್ಳದಲ್ಲಿ ನೀರು ಹರಿಯೋ ಕಡೆಗೇ ಹೋಗುತ್ತೀರಿ. ಬಿಗ್ ಟ್ರೌಟ್‌ನಿಂದ ವೈಟ್ ಟ್ರೌಟ್ ಕಡೆ ತಿರುಗಿದಾಗ ಎದುರುಗಾಳಿ ತಪ್ಪಿದ್ದಲ್ಲ, ಅದಾದ ಮೇಲೆ ಮ್ಯಾಕಿಂಟಾಶ್ ಹಳ್ಳ ಹತ್ತಬೇಕು. ಅದು ನಡುವಿನ ದಿನಗಳ ಪಾಡು. ಬೆಳಕು ಹರಿಯುತ್ತಲೇ ಹೊರಟರೆ ನಿಭಾಯಿಸಬಹುದು. ಇನ್ನು ದೋಣಿ ಹೊರೋ ದಾರಿ. ಕೊನೆಗೆ ಬರೋದರಿಂದ ಊಟದ ಗಂಟು ಅಷ್ಟೊತ್ತಿಗೆ ಕರಗಿರುತ್ತದೆ. ಸಾಮಾನು ಎರಡು ಸಲ ಸಾಗಿಸಬೇಕಾದರೆ ಆ ದಾರಿ ಮೂರು ಸಲ ನಡೆದಂತೆ, ಆರೇಳು ಕಿ.ಮೀ. ಆಗುತ್ತದೆ. ತುಂಬಿದ ಗಂಟು ಹೊತ್ತು ಅಷ್ಟು ನಡೆಯೋದು ಯಾಕೆ? ಸುಸ್ತಾದಾಗ ನೆಲದ ಮೇಲೆ ಕಾಲು ನೋಯುತ್ತದೆ, ಅಷ್ಟೆ. ನೆಲದಲ್ಲಿ ಯಾರೂ ಮುಳುಗಲ್ಲ.

ಇದನ್ನು ಬರೆಯುವಾಗ ನನ್ನಪ್ಪನೇ ಕಣ್ಣ ಮುಂದೆ ಬರುತ್ತಾನೆ. ಸಂತೆ ದಿನ ಬೆಳಿಗ್ಗೆ ಗಾಳಿ ಏಳೋದರೊಳಗೆ ಜನರನ್ನು ಹರಿಗೋಲಿನಲ್ಲಿ ಆಚೆ ದಡ, ರಾಣೇಬೆನ್ನೂರು ಸೀಮೆಗೆ ಮುಟ್ಟಿಸಿಬಿಡುತ್ತಿದ್ದ. ಬರುವಾಗ ಗಾಳಿ ಹೇಗೂ ಬೆನ್ನಿಗೆ. ಆ ದಡದಿಂದ ನೇರ ನಮ್ಮೂರ ಕಡೆ ಬಿಟ್ಟರೆ ಸೆಳವು ಕೆಳಕ್ಕೆ ಒಯ್ಯುತ್ತದೆ. ಅದಕ್ಕೆ ಹರಿಗೋಲನ್ನು ನೀರಂಚಿನಲ್ಲೇ ಮೇಲಕ್ಕೆ ಎಳೆದುಕೊಂಡು ಹೋಗಿ, ದೊಡ್ಡ ಬಂಡೆ ದಾಟಿಸಿ, ಅಲ್ಲಿಂದ ಹುಟ್ಟು ಹಾಕುತ್ತಿದ್ದ. ಸರಿಯಾಗಿ ನಮ್ಮೂರ ಮೆಟ್ಟಿಲಿಗೆ ಬಂದು ಮುಟ್ಟುತ್ತಿತ್ತು.

ಒಂದು ಸಂಜೆ ನಾನೂ ಜೊತೆಗಿದ್ದೆ. ಆಷಾಢದ ಗಾಳಿ. ಹೊಳೆ ಕೆಂಪಗೆ ಬಂದಿತ್ತು. ಸಂತೆ ಮುಗಿಸಿದವರೆಲ್ಲ ದಡದಲ್ಲಿ ಕಾಯುತ್ತಿದ್ದರು. ಒಬ್ಬನ ಹೆಗಲ ಮೇಲೆ ಕುರಿಮರಿ. ಒಬ್ಬಳು ಮಗಳ ಹೆರಿಗೆಗೆ ಹೊರಟವಳು, ಮಡಿಲಲ್ಲಿ ಬೆಲ್ಲದ ಗಂಟು ಇಟ್ಟುಕೊಂಡು "ಅಣ್ಣಾ ಬಿಡೋ, ಅಣ್ಣಾ ಬಿಡೋ" ಅಂತ ಒಂದೇ ಸಮ ಬೇಡುತ್ತಿದ್ದಳು. ಅಪ್ಪ ನೀರು ನೋಡಿದ. ಹುಟ್ಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಂಡೆ ಮೇಲೆ ಕೂತುಬಿಟ್ಟ. "ಗಾಳಿ ಬೆನ್ನಿಗೇ ಐತಲ್ಲೋ, ಏನು ಧಾಡಿ ನಿನಗೆ" ಅಂತ ಒಬ್ಬ ರೇಗಿದ. ಅಪ್ಪ ಅಂದದ್ದು ಇಷ್ಟೇ: "ಜೋರಾದರೆ ಬೆನ್ನಿನ ಗಾಳೀನೂ ಅಡ್ಡ ತಿರುಗಿಸ್ತದೆ." ಬೈದರು, ಕುಡಿದಿದ್ದಾನೆ ಅಂದರು, ಬೇರೆ ಅಂಬಿಗನನ್ನು ಕರೆಯುತ್ತೇವೆ ಅಂದರು. ಅವನು ಹುಟ್ಟಿನ ಅಂಚಿನ ಸಿಬಿರನ್ನು ಉಗುರಲ್ಲಿ ಒಂದೊಂದೇ ಕೀಳುತ್ತಾ ಕೂತಿದ್ದ. ನನಗೆ ಅವಮಾನ ಆಗಿ ಅಳು ಬಂದಿತ್ತು. ಆ ಹೆಂಗಸಿನ ಮುಖ ನೋಡಲಾಗದೆ ಕುರಿಮರಿಯ ಕಿವಿ ಹಿಡಿದುಕೊಂಡು ಕೂತಿದ್ದೆ. ಕತ್ತಲಾಗಿ ಎಷ್ಟೋ ಹೊತ್ತಿನ ಮೇಲೆ ಗಾಳಿ ಬಿದ್ದಿತು. ಆಗ ಎದ್ದ. ಎಲ್ಲರೂ ದಾಟಿದೆವು. ಆ ಹೆಂಗಸು ಇಳಿಯುವಾಗ ಅವನ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟು ಹೋದಳು.

ನಿನ್ನ ಪ್ರವಾಸಕ್ಕೂ ಇದಕ್ಕೂ ಏನು ಸಂಬಂಧ ಅಂತೀಯ. ನಿಮ್ಮ ಕೆನೂ ದೋಣಿ ಹರಿಗೋಲಿನ ಹಾಗೆ ಗಿರಗಿರ ತಿರುಗಲ್ಲ, ಗೊತ್ತು. ಆದರೂ ಹಿಂದಿನಿಂದ ಬರೋ ತೆರೆ ಎತ್ತಿ ಅದನ್ನೂ ಅಡ್ಡ ಮಾಡುತ್ತದೆ, ಅಡ್ಡಾದರೆ ಮಗುಚುತ್ತದೆ. ಅದಕ್ಕೇ ಬಲಕ್ಕೆ ಹೊರಟ ಮಾತ್ರಕ್ಕೆ ಗೆದ್ದೆವು ಅಂದುಕೋಬೇಡಿ. ಬರ್ನ್ಟ್ ಐಲೆಂಡಿನಲ್ಲೂ ದಡ ಹಿಡಿದೇ ಹೋಗಿ. ನಡುಗಡ್ಡೆಯಿಂದ ನಡುಗಡ್ಡೆಗೆ ಹಾರೋ ಚಪಲ ಬೇಡ. ತೆರೆ ಎದ್ದರೆ ಸೀಟು ಬಿಟ್ಟು ಮೊಣಕಾಲೂರಿ. ನೊರೆ ಕಂಡರೆ ದಡಕ್ಕೆ ಬಂದು ಕೂತುಬಿಡಿ, ಯಾರು ಏನೇ ಅನ್ನಲಿ. ಲೈಫ್ ಜಾಕೆಟ್ ದೋಣಿಯೊಳಗಲ್ಲ, ಮೈಮೇಲೆ ಇರಬೇಕು, ಜಿಪ್ ಹಾಕಿರಬೇಕು. ನೀನು ಹೋಗೋದು ಸೆಪ್ಟೆಂಬರ್ ಕೊನೆಗೆ, ನೀರು ತಣ್ಣಗಾಗುತ್ತಾ ಬಂದಿರುತ್ತದೆ. ಹಿಮದಂಥ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ಬರೋಕೆ ಒಂದು ನಿಮಿಷ, ಕೈಕಾಲು ಮಾತು ಕೇಳೋದು ಹತ್ತು ನಿಮಿಷ, ಎಚ್ಚರ ತಪ್ಪೋಕೆ ಸುಮಾರು ಒಂದು ಗಂಟೆ ಅಂತ ಅಲ್ಲಿಯವರೇ ಕಲಿಸುತ್ತಾರೆ. ನಿಮಗೆ ಅಷ್ಟು ತಣ್ಣಗಿನ ನೀರು ಸಿಗದಿರಬಹುದು. ನೀನು ಭದ್ರಾ ನಾಲೆಯಲ್ಲಿ ಕಲಿತ ಈಜು ಅಲ್ಲಿ ಸಾಲದು. ಬೈತಾಳೆ ಅಂದುಕೋಬೇಡ, ಬೈಯುತ್ತಿಲ್ಲ.

ನಿಮ್ಮ ದಾರಿಯಲ್ಲಿ ಟಾಮ್ ಥಾಮ್ಸನ್ ಹೆಸರಿನ ಕೆರೆ ಇದೆಯಲ್ಲ, ಅವನು ಯಾರು ಅಂತ ಹುಡುಕಿ ಓದಿದೆ. ಓದಬಾರದಿತ್ತು ಅನ್ನಿಸಿತು. ದೊಡ್ಡ ಚಿತ್ರಕಾರ, ಆ ಕಾಡು ಕೆರೆಗಳನ್ನೇ ಬರೆದವನು, ದೋಣಿ ನಡೆಸೋದರಲ್ಲಿ ಪಳಗಿದವನು. 1917ರ ಜುಲೈ 8ರಂದು ಕೆನೂ ಲೇಕಿನಲ್ಲಿ ದೋಣಿ ಹತ್ತಿ ಹೋದವನ ಶವ ಎಂಟು ದಿನದ ಮೇಲೆ ಅದೇ ಕೆರೆಯಲ್ಲಿ ಸಿಕ್ಕಿತು. ನೀವು ಹೊರಡೋದೂ ಮರಳೋದೂ ಅದೇ ನೀರಿನಲ್ಲಿ. ಯಾವ ಕಡೆ ಸುತ್ತಿದರೂ ಆ ಕೆರೆ ಮಾತ್ರ ತಪ್ಪಲ್ಲ. ಅದಕ್ಕೇ ಕೊನೆ ದಿನದ ಬಗ್ಗೆ ಇಷ್ಟು ಕೊರೆಯುತ್ತಿದ್ದೇನೆ.

ಕರಡಿ ವಿಷಯ ನಿಮ್ಮಪ್ಪನಿಗೆ ಬಿಟ್ಟಿದ್ದೇನೆ. ಊಟದ ಚೀಲವನ್ನು ಮರಕ್ಕೆ ಹೇಗೆ ಕಟ್ಟಬೇಕು ಅನ್ನೋ ವಿಡಿಯೋ ಅವರೇ ಕಳಿಸುತ್ತಾರಂತೆ.

ಯಾವ ರಾತ್ರಿ ಯಾವ ಕೆರೆಯಲ್ಲಿ ತಂಗುತ್ತೀರಿ ಅಂತ ಮೊದಲೇ ಬುಕ್ ಮಾಡಬೇಕು ಅಂದೆಯಲ್ಲ. ಹಾಗಾದರೆ ಆಮೇಲೆ ದಿಕ್ಕು ಬದಲಿಸೋಣ ಅಂದರೆ ಆಗದ ಮಾತು. ಬುಕ್ ಮಾಡೋ ಮುಂಚೆ ಗೆಳತಿಯರಿಗೆ ಇಷ್ಟನ್ನೂ ಓದಿ ಹೇಳು. ಅವ್ವ ಹೇಳಿದಳು ಅನ್ನಬೇಡ, ನಗುತ್ತಾರೆ. ಗಾಳಿಯ ಲೆಕ್ಕ ಅಂತ ಹೇಳು. ಮತ್ತೆ, ಟಾಮ್ ಥಾಮ್ಸನ್ ಲೇಕಿನಲ್ಲಿ ಒಂದು ರಾತ್ರಿ ಹೆಚ್ಚಿಗೆ ಸೇರಿಸಿ ಬುಕ್ ಮಾಡು, ಆಫೀಸಿಗೂ ಒಂದು ದಿನ ರಜೆ ಹೆಚ್ಚಿಗೆ ಹಾಕು. ಗಾಳಿ ಬಿಡದಿದ್ದರೆ ಅಲ್ಲೇ ಕೂತಿರೋಕೆ. ಆ ರಾತ್ರಿಯ ದುಡ್ಡು ನಾನು ಕೊಡುತ್ತೇನೆ, ಬೇಡ ಅನ್ನಬೇಡ.

ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕೊರಿಯರ್ ಮಾಡಿದ್ದೇನೆ. ತಲುಪಿದ ಮೇಲೆ ತಿಳಿಸು. ಯಾವ ಕಡೆ ಅಂತ ಗೊತ್ತಾದ ತಕ್ಷಣ ಒಂದು ಮೆಸೇಜ್ ಹಾಕು. ನಕಾಶೆ ಮೇಲೆ ಪೆನ್ಸಿಲಿನಲ್ಲಿ ಬಾಣ ಹಾಕಿಕೊಳ್ಳಬೇಕು ನಾನು.

ನಿನ್ನ
ಅವ್ವ