ಬ್ಯಾಟರಿ ಬದಲಿಸುವ ಮೊದಲು ಅರ್ಥ್ ಪಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಕಾರು ರಸ್ತೆಯಲ್ಲಿ ನಿಂತರೆ ಸುತ್ತ ಸೇರಿದವರು ಮೊದಲು ಹೇಳುವ ಮಾತು ಒಂದೇ: ‘ಬ್ಯಾಟರಿ ಹೋಗಿದೆ’. ಕಳೆದ ವಾರ ನನಗೂ ಇದೇ ಮಾತು ಕೇಳಿಸಿತು. ನನ್ನಂತೆ ಹಳೆಯ ಕಾರು ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನದು 1964ರ ಕಾರು. ಅಪ್ಪ ಓಡಿಸುತ್ತಿದ್ದದ್ದು. ಸಂಜೆ ಹೊತ್ತಿಗೆ ಎಂಜಿನ್ ಎರಡು ಮೂರು ಸಲ ಮುಗ್ಗರಿಸಿ ನಿಂತುಹೋಯಿತು. ಆ ಕಾಲದ ಕಾರಿಗೆ ಹಜಾರ್ಡ್ ಲೈಟ್ ಇಲ್ಲ. ಕಾರನ್ನು ಪಕ್ಕಕ್ಕೆ ತಳ್ಳಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಟ್ಟು, ಹೆಂಡತಿ ಮಗಳನ್ನು ರಸ್ತೆಯಿಂದ ಆಚೆ ನಿಲ್ಲಿಸಿದೆ. ಆಮೇಲೆಯೇ ಬಾನೆಟ್ ಎತ್ತಿದ್ದು.

ಕೀ ತಿರುಗಿಸಿದರೆ ‘ಟಕ್’ ಎಂದಷ್ಟೇ ಸದ್ದು. ನೆರವಿಗೆ ಬಂದವರೊಬ್ಬರು ಹೊಸ ಬ್ಯಾಟರಿ ತರಿಸೋಣ ಎಂದರು. ಆದರೆ ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದಾಗ ಬೆಳಕು ಅಷ್ಟೇನೂ ಕುಗ್ಗಲಿಲ್ಲ. ಬ್ಯಾಟರಿ ಡೌನ್ ಆಗಿದ್ದರೆ ಪೂರ್ತಿ ಮಂಕಾಗಬೇಕಿತ್ತು, ಅಲ್ವಾ? ಮೀಟರ್ ಇಟ್ಟು ನೋಡಿದೆ, 12.5 ವೋಲ್ಟ್. ಬ್ಯಾಟರಿಯಲ್ಲಿ ದಮ್ಮಿದೆ, ಸ್ಟಾರ್ಟರ್‌ಗೆ ಮುಟ್ಟುತ್ತಿಲ್ಲ.

ಇನ್ನೊಮ್ಮೆ ನೋಡೋಣ ಎಂದು ಚೋಕ್ ಎಳೆಯಲು ಕೈ ಹಾಕಿದೆ. ಕೇಬಲ್ ಸುಡುತ್ತಿತ್ತು! ಅಲ್ಲಿಗೆ ಗೊತ್ತಾಯಿತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ಅದನ್ನು ಕಾರಿನ ಲೋಹದ ಮೈಗೆ ಸೇರಿಸುವುದು ತಾಮ್ರದ ತಂತಿ ಹೆಣೆದ ಒಂದು ಪಟ್ಟಿ, ಅದೇ ಅರ್ಥ್ ಪಟ್ಟಿ. ಸ್ಟಾರ್ಟರ್ ತಿರುಗಲು ನೂರಕ್ಕೂ ಜಾಸ್ತಿ ಆಂಪಿಯರ್ ಬೇಕು. ಆ ಪಟ್ಟಿ ತುಂಡಾದರೆ ಕರೆಂಟ್‌ಗೆ ಎಂಜಿನ್‌ನಿಂದ ಬ್ಯಾಟರಿಗೆ ವಾಪಸ್ ಬರಲು ಉಳಿಯುವುದು ಚೋಕ್, ಆಕ್ಸಿಲರೇಟರ್‌ನಂಥ ಸಣ್ಣ ಕೇಬಲ್‌ಗಳು ಮಾತ್ರ. ಸ್ಪಾರ್ಕ್ ಹುಟ್ಟಿಸಲು ಬೇಕಾದ ಡಿಸ್ಟ್ರಿಬ್ಯೂಟರ್ ಪಾಯಿಂಟ್‌ಗಳಿಗೂ ಎಂಜಿನ್ನೇ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಎಂಜಿನ್ ಮೊದಲು ಮುಗ್ಗರಿಸಿದ್ದೂ ಅದಕ್ಕೇ.

ಬಗ್ಗಿ ನೋಡಿದರೆ ಪಟ್ಟಿ ಹಸಿರುಗಟ್ಟಿ ಬೋಲ್ಟ್ ಹತ್ತಿರ ಕಿತ್ತುಹೋಗಿತ್ತು. ಜಂಪರ್ ಕೇಬಲ್‌ನ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ (ಕಾರಿನ ಮೈಗೆ ಸೇರಿಸಿರುವ ಟರ್ಮಿನಲ್), ಇನ್ನೊಂದನ್ನು ಎಂಜಿನ್‌ನ ಪೇಂಟ್ ಇಲ್ಲದ ಲೋಹಕ್ಕೆ ಸಿಕ್ಕಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್! ಇಲ್ಲಿ ಒಂದು ಎಚ್ಚರಿಕೆ. ಆ ಕಾಲದ ಎಷ್ಟೋ ಕಾರುಗಳಲ್ಲಿ, ನನ್ನದರಲ್ಲೂ, ಅರ್ಥ್ ಆಗಿರುವುದು ಪ್ಲಸ್. ಸುಮ್ನೆ ಮೈನಸ್ ಎಂದುಕೊಂಡು ಕೈ ಹಾಕಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಇದೇ ಕಾರಿನ ಫ್ಯೂಸ್ ಹೋದಾಗ ಯಾರೋ ಅದಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಹತ್ತು ನಿಮಿಷದಲ್ಲಿ ಡ್ಯಾಶ್‌ಬೋರ್ಡ್ ಹಿಂದಿನಿಂದ ಹೊಗೆ ಬಂತು. ಕೂಡಲೇ ಬ್ಯಾಟರಿ ವೈರ್ ಕಿತ್ತದ್ದರಿಂದ ಕಾರು ಉಳಿಯಿತು. ಆದರೆ ಅಪ್ಪನ ಕಾಲದ ವೈರಿಂಗ್ ಅರ್ಧ ಕರಗಿಹೋಗಿತ್ತು. ನನ್ನ ಕಾರಿಗೆ ಇರುವುದು ಎರಡೇ ಫ್ಯೂಸ್. ಅವು ಸುಟ್ಟುಕೊಂಡು ವೈರ್ ಉಳಿಸಬೇಕು. ಹಾಳೆ ಸುತ್ತಿದರೆ ವೈರೇ ಸುಡುತ್ತದೆ.

ಈಗ ಡಿಕ್ಕಿಯಲ್ಲಿ ಒಂದು ಅರ್ಥ್ ಪಟ್ಟಿ, ಸರಿಯಾದ ಆಂಪಿಯರ್‌ನ ನಾಲ್ಕು ಫ್ಯೂಸ್, ಎರಡು ವೈರ್ ಕಟ್ಟಿದ 12 ವೋಲ್ಟ್ ಬಲ್ಬ್ ಇಟ್ಟುಕೊಂಡಿದ್ದೇನೆ. ಕರೆಂಟ್ ಎಲ್ಲಿಯವರೆಗೆ ಬಂದಿದೆ ಎಂದು ಹುಡುಕಲು ಆ ಬಲ್ಬ್ ಸಾಕು. ಹಳೆಯ ಕಾರು ನಿಂತದ್ದು ಕಂಡು ನೆರವಿಗೆ ಬರುವವರಲ್ಲಿ ನನ್ನದೊಂದು ಬೇಡಿಕೆ: ಬೆಳ್ಳಿ ಹಾಳೆ ಮಾತ್ರ ಕೊಡಬೇಡಿ. ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತರೆ ಅದೇ ದೊಡ್ಡ ಉಪಕಾರ.

ಇಂತಿ,
ನಿಮ್ಮ ಓದುಗ